ಅಜ್ಜನ ಮನೆಯಲ್ಲಿ 52 ಎಲೆ

ಇಸ್ಪೀಟು ಆಡುವವನಿಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದರು ನಮ್ಮ ಕಡೆಯ ಹಿರಿಯರು. ಇಸ್ಪೀಟನ್ನು ಬಾಯಿಪಾಠ ಮಾಡುವವನ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಆ ಧೈರ್ಯದ ಮೇಲೆ, ನಿವೃತ್ತಿಯಾದ ಮೇಲೆ ನಾನು ಎಲೆ ಹಿಡಿದೆ. ಚೆನ್ನಾಗಿ ಕಲಸಿದ ಕಟ್ಟನ್ನು ಒಮ್ಮೆ ನೋಡಿ, 52 ಎಲೆಗಳನ್ನೂ ಅದೇ ಕ್ರಮದಲ್ಲಿ ಒಪ್ಪಿಸುವುದು ನನ್ನ ಹೊಸ ಹುಚ್ಚು. "ದುಡ್ಡು ಕಟ್ಟೋದಿಲ್ಲ ತಾನೆ?" ಎಂದು ಕೇಳಿ ಹೆಂಡತಿ ಸುಮ್ಮನಾದಳು.

ಇದರ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ 55ರಲ್ಲಿ ರೋಮಿನ ವಾಗ್ಮಿ ಸಿಸೆರೊ ಬರೆದಿಟ್ಟ ಕಥೆಯೊಂದಿದೆ. ಗ್ರೀಕ್ ಕವಿ ಸಿಮೊನಿಡಿಸ್ ಸ್ಕೋಪಾಸ್ ಎಂಬ ಸಿರಿವಂತನ ಔತಣಕ್ಕೆ ಹೋಗಿದ್ದ. ಯಾರೋ ಕರೆದರೆಂದು ಅವನು ಹೊರಗೆ ಬಂದಾಗ ಒಳಗೆ ಮಾಡು ಕುಸಿಯಿತು. ಹೆಣಗಳ ಗುರುತೇ ಸಿಗದಾಯಿತು. ಯಾರು ಎಲ್ಲಿ ಕೂತಿದ್ದರು ಎಂಬುದನ್ನು ನೆನೆನೆನೆದು ಕವಿ ಒಬ್ಬೊಬ್ಬರನ್ನೂ ಗುರುತಿಸಿಕೊಟ್ಟ. ಜಾಗ ನೆನಪಿದ್ದರೆ ಅಲ್ಲಿ ಇದ್ದದ್ದೂ ನೆನಪಾಗುತ್ತದೆ! ಆಮೇಲೆ ರೋಮಿನ ಭಾಷಣಕಾರರು ತಮ್ಮ ವಾದಗಳನ್ನು ಮನಸ್ಸಿನೊಳಗಿನ ಮನೆಯ ಮೂಲೆಮೂಲೆಯಲ್ಲಿಟ್ಟು, ಮಾತಾಡುತ್ತ ಆ ಮನೆಯನ್ನು ಸುತ್ತಿಬರುತ್ತಿದ್ದರು. ಇದಕ್ಕೇ ನೆನಪಿನ ಅರಮನೆ ಎನ್ನುವುದು.

ನನಗೆ ಅರಮನೆ ಎಲ್ಲಿಂದ ಬರಬೇಕು? ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯೇ ಗತಿ. ಹಿಸ್ಸೆಯಾಗಿ, ಮಾರಾಟವಾಗಿ, ಈಗ ಅಲ್ಲಿ ಹೋಂಸ್ಟೇ ಎದ್ದಿದೆ. ನನ್ನ ತಲೆಯೊಳಗೆ ಮಾತ್ರ ಅಂಗಳ, ಜಗಲಿ, ನಡುಮನೆ, ದೇವರ ಕೋಣೆ, ಬಚ್ಚಲು, ಕೊಟ್ಟಿಗೆ ಇದ್ದಲ್ಲೇ ಇವೆ. ಇನ್ನು ಎಲೆಗಳು. ಒಂದೊಂದಕ್ಕೂ ಒಬ್ಬ ವ್ಯಕ್ತಿ, ಒಂದು ಕೆಲಸ, ಒಂದು ವಸ್ತು ಗೊತ್ತುಮಾಡಿಕೊಳ್ಳಬೇಕು. ಆಟೀನ್ ರಾಣಿ ನಮ್ಮ ದೊಡ್ಡಮ್ಮ. ಕಳಾವರ್ ಏಳು ಸೈಕಲ್ ತುಳಿಯುವ ಅಂಚೆಯವನು. ಇಸ್ಪೀಟ್ ಗುಲಾಮ ಕಿರೀಟ ತೊಟ್ಟ ಯಕ್ಷಗಾನದ ವೇಷ. ಮೂರೂ ಸಾಲಾಗಿ ಬಂದರೆ ಮೊದಲಿನದರಿಂದ ವ್ಯಕ್ತಿ, ಎರಡನೆಯದರಿಂದ ಕೆಲಸ, ಮೂರನೆಯದರಿಂದ ವಸ್ತು. ಅಂದರೆ ದೊಡ್ಡಮ್ಮ ಜಗಲಿಯ ಮೇಲೆ ಕಿರೀಟವನ್ನೇ ಹತ್ತಿ ಪೆಡಲು ತುಳಿಯುತ್ತಿದ್ದಾರೆ! ಇಂಥದ್ದನ್ನು ಮರೆಯಲು ಸಾಧ್ಯವೆ? ಹೀಗೆ ಮೂರುಮೂರು ಎಲೆ ಕೂಡಿಸಿದರೆ ಇಡೀ ಕಟ್ಟು 18 ಜಾಗಗಳಲ್ಲಿ ಮುಗಿಯುತ್ತದೆ.

ಜಾಗಗಳನ್ನು ಗಟ್ಟಿಮಾಡಿಕೊಳ್ಳಲು ಅಕ್ಕನಿಗೆ ಫೋನು ಮಾಡಿದೆ. "ಹಂಡೆ ಬಚ್ಚಲಿನ ಯಾವ ಮೂಲೇಲಿತ್ತೇ ಅಕ್ಕ?" "ಬಾಗಿಲ ಎಡಕ್ಕೆ ಕಣೋ. ಅದರ ಪಕ್ಕ ಸೀಗೆಪುಡಿ ಡಬ್ಬ, ಮೇಲೆ ಗೂಡಿನಲ್ಲಿ ಚಿಮಣಿ ದೀಪ." ಎಲೆಯ ವಿಷಯ ಅಲ್ಲಿಗೇ ನಿಂತಿತು. ಇಬ್ಬರೂ ಫೋನಿನಲ್ಲೇ ಇಡೀ ಮನೆ ಸುತ್ತಿದೆವು.

1991ರಲ್ಲಿ ಲಂಡನ್ನಿನಲ್ಲಿ ಈ ನೆನಪಿನ ವಿದ್ಯೆಗೆ ವಿಶ್ವ ಸ್ಪರ್ಧೆ ಶುರುವಾಯಿತು. ಮೊದಲ ಸಲ ಗೆದ್ದ ಡಾಮಿನಿಕ್ ಒಬ್ರಿಯೆನ್ ಒಟ್ಟು ಎಂಟು ಸಲ ಗೆದ್ದರು. 2018ರಲ್ಲಿ ಮಂಗೋಲಿಯಾದ ತರುಣನೊಬ್ಬ ಒಂದು ಕಟ್ಟನ್ನು 12.74 ಸೆಕೆಂಡಿನಲ್ಲಿ ಮನಸ್ಸಿಗಿಳಿಸಿದ. ನನಗೆ ಅಷ್ಟರಲ್ಲಿ ಕನ್ನಡಕ ಮೂಗಿಗೇರುವುದಿಲ್ಲ. ಇಂಥವರ ಮಿದುಳನ್ನು ಲಂಡನ್ನಿನ ನರವಿಜ್ಞಾನಿ ಎಲಿನಾರ್ ಮಗ್ವಾಯರ್ ಮತ್ತು ಸಂಗಡಿಗರು ಪರೀಕ್ಷಿಸಿ, ಇವರದೇನೂ ಅಸಾಧಾರಣ ಬುದ್ಧಿಯಲ್ಲ, ದಾರಿ ಗುರುತಿಸುವ ಭಾಗಗಳನ್ನು ದುಡಿಸಿಕೊಳ್ಳುತ್ತಾರೆ ಅಷ್ಟೆ ಎಂದು 2003ರಲ್ಲಿ ಪ್ರಕಟಿಸಿದರು. ನಮ್ಮ ಅವಧಾನಿಗಳ ದಾರಿ ಇನ್ನೂ ಕಡಿದು. ಪ್ರಶ್ನೆ ಹಾಕುವ ಪೃಚ್ಛಕರು ಕೆಣಕುತ್ತಿರುವಾಗಲೇ ಅವರು ಪದ್ಯ ಕಟ್ಟಬೇಕು, ಕಟ್ಟಿದ್ದನ್ನು ಕೊನೆಯವರೆಗೆ ಹಿಡಿದಿಟ್ಟುಕೊಳ್ಳಬೇಕು.

ಇದರಿಂದ ಮರೆವು ಹೋಗುತ್ತದೆಂದು ಮಾತ್ರ ನಂಬಬೇಡಿ. 2006ರಲ್ಲಿ ಅಮೆರಿಕದ ಸ್ಪರ್ಧೆ ಗೆದ್ದ ಜೋಶುವಾ ಫೋರ್, ಆಮೇಲೊಂದು ರಾತ್ರಿ ಊಟಕ್ಕೆ ಕಾರಿನಲ್ಲಿ ಹೋಗಿ ರೈಲಿನಲ್ಲಿ ಮನೆಗೆ ಬಂದದ್ದನ್ನು ತಾವೇ ಬರೆದುಕೊಂಡಿದ್ದಾರೆ. ಗಮನವಿಟ್ಟು ನೋಡಿದ್ದಷ್ಟೇ ನೆನಪಿಗೆ ದಕ್ಕುತ್ತದೆ. ನಿಮಗೂ ಆಸೆಯಿದ್ದರೆ ಹತ್ತು ಎಲೆ, ಹತ್ತು ಜಾಗದಿಂದ ಶುರುಮಾಡಿ. ಮನೆತನದ ಹಳೆಯ ಮನೆ ಇನ್ನೂ ನಿಂತಿದ್ದರೆ, ಅದನ್ನು ಮಾರುವ ಮೊದಲು ಒಮ್ಮೆ ಹೋಗಿ ಒಳಗೆಲ್ಲ ಸುತ್ತಾಡಿ ಬನ್ನಿ.