ಅಪ್ಪನ ಸೋಫಾ ಮಾರಾಟಕ್ಕಿದೆ



ಆರ್.ಟಿ. ನಗರದ ಬಾಡಿಗೆ ಮನೆ ಖಾಲಿ ಮಾಡಿ ಯಲಹಂಕದ ಕಡೆ ಸಣ್ಣ ಮನೆಗೆ ಹೋಗ್ತಿದ್ದೀವಿ. ಅಪ್ಪನ ಬೀಟೆ ಮರದ ಸೋಫಾ, ಜೊತೆಯ ಎರಡು ಕುರ್ಚಿ ಅಲ್ಲಿ ಬಾಗಿಲಲ್ಲೇ ಹಿಡಿಯಲ್ಲ. ಮಾರಲೇಬೇಕು.

ಇದು ಕಾಸು ಕೊಟ್ಟು ತಂದದ್ದಲ್ಲ. ಸದಾಶಿವನಗರದ ಒಂದು ಬಂಗಲೆಯಲ್ಲಿ ಅಪ್ಪ ಹದಿನಾಲ್ಕು ವರ್ಷ ಮಾಲಿ. ಆ ಮನೆಯವರು 1994ರಲ್ಲಿ ಬಂಗಲೆ ಮಾರಿ ಹೋಗುವಾಗ, ಮೂರು ತಿಂಗಳ ಬಾಕಿ ಸಂಬಳದ ಬದಲು "ಇದನ್ನ ತಗೊಂಡೋಗು" ಅಂದ್ರಂತೆ. ಅಲ್ಲಿವರೆಗೆ ಅಪ್ಪ ಈ ಸೋಫಾ ನೋಡಿದ್ದು ಕಿಟಕಿಯಿಂದ. ಮೇಖ್ರಿ ಸರ್ಕಲ್ ದಾಟಿಸಿ ತಳ್ಳುಗಾಡಿಯಲ್ಲಿ ತಂದ. "ಇದ್ನ ಬೇಯ್ಸ್ಕೊಂಡು ತಿನ್ನಾಣ?" ಅಂತ ಅವ್ವ ಬೈದಳು.

ಊರಿಂದ ಬಂದ ಅಜ್ಜಿ ಮಾತ್ರ ಸಾಯೋವರೆಗೂ ಅದರ ಮುಂದೆ ನೆಲದ ಮೇಲೇ ಕೂತಳು. ಮೇಲೆ ಕೂರಜ್ಜಿ ಅಂದ್ರೆ "ಸೊಂಟ ಹಿಡ್ಕತದೆ ಕಣಪ್ಪ" ಅನ್ನೋಳು. ಸೊಂಟದ ಮಾತಲ್ಲ ಅದು ಅಂತ ನಮಗೆಲ್ಲ ಗೊತ್ತಿತ್ತು. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ದಲಿತ ಪಂಚಾಯಿತಿ ಅಧ್ಯಕ್ಷೆಯನ್ನ ಸಭೆಯಲ್ಲಿ ನೆಲಕ್ಕೆ ಕೂರಿಸಿದ್ದ ಫೋಟೊ 2020ರಲ್ಲಿ ನೀವೂ ನೋಡಿರ್ತೀರಿ. ನನಗೆ ಕಂಡಿದ್ದು ಅಜ್ಜಿ.

ಯಶವಂತಪುರದಿಂದ ಕುಶನ್ ಕೆಲಸದವರನ್ನ ಕರೆಸಿದ್ದೆ. ಎಲ್ಲ ಹೊಸದಾಗಿ ಹೊದಿಸೋಕೆ 35 ಸಾವಿರ ಅಂದ್ರು. ಮೂಲೆ ಬಿಚ್ಚಿ ತೋರಿಸಿದ್ರು: ರೆಕ್ಸಿನ್ ಕೆಳಗೆ ತೆಂಗಿನ ನಾರು, ನಾರಿನ ಕೆಳಗೆ ಗೋಣಿತಟ್ಟು. ಸತಾರಾದ ಶಾಲೆಯಲ್ಲಿ ಹುಡುಗ ಭೀಮರಾವ್ ಮೂಲೆಯಲ್ಲಿ ಒಬ್ಬನೇ ಕೂರ್ತಿದ್ದದ್ದು ಗೋಣಿತಟ್ಟಿನ ಮೇಲೇ. ದಿನಾ ಮನೆಯಿಂದ ತರಬೇಕು, ಸಂಜೆ ಒಯ್ಯಬೇಕು. ಶಾಲೆ ಗುಡಿಸೋ ಆಳು ಅದನ್ನ ಮುಟ್ಟುತ್ತಿರಲಿಲ್ಲ. ಬಂಗಲೆಯವರು ಅಷ್ಟು ವರ್ಷ ಗೋಣಿತಟ್ಟಿನ ಮೇಲೇ ಕೂತಿದ್ರಲ್ಲ ಅಂತ ನಗು ಬಂತು.

ಹಳೇ ಸಾಮಾನಿನ ವ್ಯಾಪಾರಿಯೂ ಬಂದಿದ್ದ. 12 ಸಾವಿರಕ್ಕೆ ಕೇಳಿದ. "ಯಾವ ಮನೆತನದ್ದು ಸಾರ್? ದೊಡ್ಡೋರದ್ದಾದ್ರೆ ಇನ್ನೈದು ಸೇರಿಸ್ತೀನಿ."

"ನಮ್ಮಪ್ಪಂದು."

"ಅಲ್ಲ ಸಾರ್, ಅದಕ್ಕೆ ಮುಂಚೆ?"

ಬಂಗಲೆಯವರ ಹೆಸರು ಹೇಳಬಹುದಿತ್ತು. ಐದು ಸಾವಿರ ಕಮ್ಮಿಯೇನಲ್ಲ ನಮಗೆ, ಟೆಂಪೊ ಬಾಡಿಗೆ ಕಳೆದು ಮಿಗೋದು. ನಾಲಿಗೆ ಏಳಲಿಲ್ಲ. ಅಪ್ಪ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟಿದ್ದು ಅವನ ಲೆಕ್ಕಕ್ಕೇ ಬರಲಿಲ್ಲ. ಕಳಿಸಿಬಿಟ್ಟೆ.

ಅದಕ್ಕೇ ಇಲ್ಲಿ ಹಾಕ್ತಿದ್ದೀನಿ. 20 ಸಾವಿರ. ಮರಕ್ಕೆ ಹುಳ ಹಿಡಿದಿಲ್ಲ. ಒಂದು ಕುರ್ಚಿಯ ಹಿಂಗಾಲು ಅಲ್ಲಾಡುತ್ತೆ. ಸಂಘದ ಕಚೇರಿಗೋ ಹಾಸ್ಟೆಲಿಗೋ ಬೇಕಂದ್ರೆ ಬೆಲೆ ಮಾತಾಡೋಣ. ಮೊದಲ ಮಹಡಿ, ಲಿಫ್ಟ್ ಇಲ್ಲ, ಹೊರೋಕೆ ನಾಲ್ಕು ಜನ ಬೇಕು. ಬಂದವರು ಕೂತು ನೋಡಿ. ಎಡಗಡೆ ಅಪ್ಪ ಕೂರ್ತಿದ್ದ ಜಾಗ, ಸ್ಪ್ರಿಂಗ್ ಚುಚ್ಚುತ್ತೆ. ಬಲಗಡೆ ಕೂರಿ.