ಹಾಲಿನ ಲೆಕ್ಕಕ್ಕೆ ಒಂದು ಖಾಲಿ ಪ್ರಾಜೆಕ್ಟ್

ಖಾಲಿ ಎನ್ನುವುದು ಹೆಸರಿಗೆ ಮಾತ್ರ. ಟರ್ಮಿನಲ್ ತೆರೆದು 'ಜಾಂಗೊ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್' ಎಂದು ಟೈಪ್ ಮಾಡಿ, ಪಕ್ಕದಲ್ಲಿ ಒಂದು ಹೆಸರು ಕೊಟ್ಟು ಎಂಟರ್ ಒತ್ತಿದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಫೋಲ್ಡರ್ ಸಿದ್ಧ. ಆಯಿತು ಎಂದೂ ಹೇಳುವುದಿಲ್ಲ, ಕರ್ಸರ್ ಸುಮ್ಮನೆ ಮುಂದಿನ ಸಾಲಿಗೆ ಬಂದು ನಿಲ್ಲುತ್ತದೆ. ಒಳಗೆ ನೋಡಿದರೆ ಸೆಟ್ಟಿಂಗ್ಸ್ ಎಂಬ ಫೈಲೊಂದರಲ್ಲೇ ನೂರಕ್ಕೂ ಹೆಚ್ಚು ಸಾಲುಗಳಿವೆ. ಊರಿನ ಡೇರಿಗೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಎಂದು ಬರೆದಿಡುವ ಪುಟ್ಟ ಪ್ರೋಗ್ರಾಮು ನನಗೆ ಬೇಕಿರುವುದು. ನಾನು ಒಂದಕ್ಷರ ಬರೆಯುವ ಮೊದಲೇ ಯಾರೋ ಇಷ್ಟೊಂದು ತೀರ್ಮಾನ ಮಾಡಿಟ್ಟಿದ್ದಾರೆ. ಸಾಮಾನ್ಯವಾಗಿ ಈ ಫೈಲನ್ನು ಯಾರೂ ಪೂರ್ತಿ ಓದುವುದಿಲ್ಲ. ಈ ಸಲ ಓದಲು ಕೂತೆ.

*

ಹೆಸರಿನ ವಿಚಾರ. 'ಹಾಲು' ಎಂದು ಕನ್ನಡ ಲಿಪಿಯಲ್ಲೇ ಹೆಸರು ಕೊಟ್ಟೆ. ಪೈಥಾನ್ ಭಾಷೆಯಲ್ಲಿ ಬರೆದ ವೆಬ್ ಚೌಕಟ್ಟಾದ ಜಾಂಗೊ ತಕರಾರಿಲ್ಲದೆ ಒಪ್ಪಿಕೊಂಡಿತು. ಇದು ಪೈಥಾನ್‌ನ ಉಪಕಾರ: 2008ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಅಲ್ಲಿ ಹೆಸರುಗಳು ಬೇರೆ ಲಿಪಿಗಳಲ್ಲೂ ಇರಬಹುದು. ಅದೇ ಹೆಸರನ್ನು ಜಾವಾಸ್ಕ್ರಿಪ್ಟ್ ಲೋಕದ ಎನ್‌ಪಿಎಂ ಇನಿಟ್‌ಗೆ ಕೊಟ್ಟರೆ ಆಗುವುದಿಲ್ಲ ಎನ್ನುತ್ತದೆ. ಅಲ್ಲಿ ಪ್ಯಾಕೇಜಿನ ಹೆಸರು ಮುಂದೊಂದು ದಿನ ವೆಬ್ ವಿಳಾಸದ ಭಾಗವಾಗಬಹುದು, ಆದ್ದರಿಂದ ಅದಕ್ಕೆ ಒಗ್ಗುವ ಅಕ್ಷರಗಳೇ ಬೇಕು. ಕಾರಣ ಸರಿಯಾಗಿಯೇ ಇದೆ. ಆದರೆ ನನ್ನ ಹಾಲಿನ ಲೆಕ್ಕವನ್ನು ನಾನು ಎಲ್ಲಿಯೂ ಪ್ರಕಟಿಸುವವನಲ್ಲ. ಎಲ್ಲರ ಪ್ರಾಜೆಕ್ಟೂ ಒಂದು ದಿನ ಜಗತ್ತಿನ ಮುಂದೆ ಹೋಗುತ್ತದೆ ಎಂದು ಆ ಸ್ಕ್ರಿಪ್ಟ್ ನಂಬಿದ್ದೇಕೆ?

*

ಫೈಲುಗಳ ಬದಲಾವಣೆಗಳ ದಾಖಲೆ ಇಡಲು ಗಿಟ್ ಇನಿಟ್ ಕೊಟ್ಟ ಮೇಲೆ ಗಿಟ್ ಸ್ಟೇಟಸ್ ಕೇಳಿದೆ. 'ಹಾಲು' ಇರಬೇಕಾದ ಕಡೆ 340, 262, 271, ಮತ್ತೆ 340, 262, 276... ಹೀಗೆ ಹನ್ನೆರಡು ಸಂಖ್ಯೆಗಳು, ನಡುನಡುವೆ ಓರೆಗೆರೆ. ಲೆಕ್ಕ ಹಾಕಿದರೆ ತಾಳೆಯಾಗುತ್ತದೆ. ಹ, ಅದರ ಆಕಾರ, ಲ, ಅದರ ಉಕಾರ — ಕಂಪ್ಯೂಟರಿನ ಪಾಲಿಗೆ ನಾಲ್ಕು ಗುರುತುಗಳು, ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು. ಆ ಬೈಟುಗಳನ್ನೇ ಗಿಟ್ ಎಂಟರ ಎಣಿಕೆಯಲ್ಲಿ ಬಿಡಿಸಿ ತೋರಿಸುತ್ತಿದೆ. 'ಕೋರ್ ಡಾಟ್ ಕೋಟ್‌ಪಾತ್' ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದ ತಕ್ಷಣ ಕನ್ನಡ ಕಾಣಿಸಿತು. ಓದಲು ಬರುವಂತೆ ತೋರಿಸುವ ಶಕ್ತಿ ಮೊದಲಿನಿಂದಲೂ ಇತ್ತು ಎಂದಾಯಿತು. ಬೇಕು ಎಂದು ಕೇಳಬೇಕಿತ್ತು, ಅಷ್ಟೆ. ಆದರೆ ಹೀಗೆ ಕೇಳಬಹುದು ಎಂದು ಹೊಸಬರಿಗೆ ಹೇಳುವವರು ಯಾರು?

ಅಲ್ಲೇ ಇನ್ನೊಂದು ಸಿಕ್ಕಿತು. ಡಾಟ್ ಗಿಟ್ ಫೋಲ್ಡರಿನ ಹುಕ್ಸ್ ಒಳಗೆ ಒಂದಷ್ಟು ಮಾದರಿ ಸ್ಕ್ರಿಪ್ಟುಗಳಿರುತ್ತವೆ. ಹೆಸರಿನ ಕೊನೆಯಲ್ಲಿ 'ಸ್ಯಾಂಪಲ್' ಎಂದಿರುವುದರಿಂದ ಅವು ತಾವಾಗಿ ಓಡುವುದಿಲ್ಲ. ಕಮಿಟ್ ಆಗುವುದಕ್ಕೆ ಮುಂಚೆ ಓಡುವ ಮಾದರಿಯನ್ನು ಬಿಚ್ಚಿ ಓದಿದರೆ, ಆಸ್ಕಿ ಅಲ್ಲದ ಅಕ್ಷರಗಳಿರುವ ಫೈಲ್ ಹೆಸರುಗಳನ್ನು ತಡೆಯುವುದೂ ಅದರ ಒಂದು ಕೆಲಸ. ಬೇರೆ ಬೇರೆ ಕಂಪ್ಯೂಟರುಗಳ ನಡುವೆ ತೊಂದರೆಯಾಗದಿರಲಿ ಎಂಬ ಉದ್ದೇಶ ಅದರದು. ಕನ್ನಡದ ಹೆಸರನ್ನು ತಡೆಯುವ ಸ್ಕ್ರಿಪ್ಟೊಂದು ಪ್ರತಿ ಪ್ರಾಜೆಕ್ಟಿನೊಳಗೂ ನಿದ್ದೆ ಮಾಡುತ್ತಿದೆ ಎಂಬುದು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ.

*

ಈಗ ಬಹಳ ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ ಸಾಲು. ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಝೋನ್ ಎಂಬಲ್ಲಿ 'ಯುಟಿಸಿ' ಎಂದಿದೆ.

ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಗ್ರಂಥಾಲಯಕ್ಕೋ ಬಟ್ಟೆ ಅಂಗಡಿಗೋ ಪ್ರೋಗ್ರಾಮು ಬರೆಯುವವರಿಗೆ ಈ ಸಾಲನ್ನು ಬದಲಿಸದಿದ್ದರೂ ತಾರೀಖು ತಪ್ಪುವುದಿಲ್ಲ. ಅವರು ಬಾಗಿಲು ತೆಗೆಯುವ ಹೊತ್ತಿಗೆ ಯುಟಿಸಿಯಲ್ಲೂ ದಿನ ಬದಲಾಗಿರುತ್ತದೆ. ಗಂಟೆಯಷ್ಟೇ ತಪ್ಪಾಗಿ ಕಾಣುತ್ತದೆ. ಡೇರಿಯ ಕಥೆ ಬೇರೆ. ಅಲ್ಲಿ ಕ್ಯಾನು ಹಿಡಿದು ಜನ ಸಾಲು ನಿಲ್ಲುವುದು ಕತ್ತಲಿರುವಾಗಲೇ. ಬೆಳಗಿನ ಐದು ಗಂಟೆಗೆ ಅಳೆದ ಹಾಲು ಯುಟಿಸಿಯಲ್ಲಿ ಹಿಂದಿನ ರಾತ್ರಿಯ ಹನ್ನೊಂದೂವರೆ. ಐದೂವರೆಗಿಂತ ಮೊದಲು ಬಂದವರ ಹಾಲು ನಿನ್ನೆಯ ತಾರೀಖಿಗೆ, ಆಮೇಲೆ ಬಂದವರದ್ದು ಇವತ್ತಿನ ತಾರೀಖಿಗೆ. ಒಂದೇ ಬೆಳಿಗ್ಗೆ, ಒಂದೇ ಸಾಲಿನಲ್ಲಿ ನಿಂತವರ ಲೆಕ್ಕ ಎರಡು ಪುಟಕ್ಕೆ ಹೋಗುತ್ತದೆ. ಬಟವಾಡೆಯ ಅವಧಿಯ ಮೊದಲ ದಿನ ಹೀಗಾದರೆ, ಬೇಗ ಎದ್ದು ಬಂದವರ ಹಾಲಿನ ಹಣ ಹಿಂದಿನ ಬಿಲ್ಲಿಗೆ ಸೇರಬೇಕಾಗುತ್ತದೆ, ಆ ಬಿಲ್ಲೋ ಅಷ್ಟರಲ್ಲಿ ಮುಗಿದಿರಬಹುದು. ಇದನ್ನು ಕಂಡುಹಿಡಿಯುವುದೂ ಕಷ್ಟ. ಹಗಲು ಹೊತ್ತಿನಲ್ಲಿ ಕೂತು ಪರೀಕ್ಷೆ ಮಾಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಮದ್ದು ಒಂದೇ ಸಾಲಿನದು: 'ಏಷ್ಯಾ/ಕೋಲ್ಕತಾ' ಎಂದು ಬರೆದರೆ ಮುಗಿಯಿತು.

ಆದರೆ ಬೇಡವೆಂದು ಆ ಸಾಲನ್ನು ಅಳಿಸಿಬಿಟ್ಟರೆ? ಯುಟಿಸಿಯೂ ಉಳಿಯುವುದಿಲ್ಲ, ಜಾಂಗೊ 'ಅಮೆರಿಕ/ಶಿಕಾಗೊ' ಸಮಯಕ್ಕೆ ಹೋಗುತ್ತದೆ. ಮೊದಲು ಓದಿದಾಗ ನಂಬಿಕೆ ಬರಲಿಲ್ಲ. ದಸ್ತಾವೇಜಿನಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ಜಾಂಗೊ ಹುಟ್ಟಿದ್ದು ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಊರಿನ ಒಂದು ಪತ್ರಿಕೆಯ ವೆಬ್ ವಿಭಾಗದಲ್ಲಿ. ಹೊರಜಗತ್ತಿಗೆ ಬಿಡುಗಡೆಯಾದದ್ದು 2005ರಲ್ಲಿ. ಶಿಕಾಗೊದ ಗಡಿಯಾರವೇ ಲಾರೆನ್ಸ್‌ನದೂ. ಹಳೆಯ ಪ್ರಾಜೆಕ್ಟುಗಳು ಕೆಡಬಾರದೆಂದು ಆ ಮೂಲ ಸಮಯವನ್ನು ಇವತ್ತಿಗೂ ಹಾಗೇ ಬಿಟ್ಟಿದ್ದಾರೆ. ಹೊಸ ಪ್ರಾಜೆಕ್ಟಿನ ಫೈಲಿನಲ್ಲಿ ಮಾತ್ರ ಯುಟಿಸಿ ಎಂದು ಬರೆದುಕೊಡುತ್ತಾರೆ. ಎಲ್ಲಿಯದೋ ಸುದ್ದಿಮನೆಯ ಗಡಿಯಾರ ನಮ್ಮ ಬೆಳಗಿನ ಹಾಲನ್ನು ಹಿಂದಿನ ಸಂಜೆಯ ಹಾಲು ಮಾಡಬಲ್ಲದು. ಹಳಬರ ಕೆಲಸ ಕೆಡಬಾರದೆಂಬ ಕಾಳಜಿಗೆ ನನ್ನ ಗೌರವವಿದೆ. ಆದರೂ ಸಾಲು ಇಲ್ಲದಿದ್ದಾಗ ಸುಮ್ಮನೆ ಒಂದು ಊರನ್ನು ಊಹಿಸುವುದಕ್ಕಿಂತ, ನಿಂತು ಕೇಳುವುದು ಮೇಲು ಎಂದೇ ನನ್ನ ಅಭಿಪ್ರಾಯ.

*

ಕೇಳದೆ ಹೋದರೂ ಮೆಚ್ಚುಗೆಯಾದದ್ದು ರಹಸ್ಯ ಕೀಲಿ. ಪ್ರತಿ ಪ್ರಾಜೆಕ್ಟಿಗೂ ಸ್ಕ್ರಿಪ್ಟ್ ಹೊಸದೊಂದನ್ನು ಹುಟ್ಟಿಸುತ್ತದೆ, ಅದರ ಮುಂದೆ 'ಜಾಂಗೊ-ಇನ್‌ಸೆಕ್ಯೂರ್' ಎಂದು ತಾನೇ ಬರೆಯುತ್ತದೆ. ಇದು ಕಲಿಯುವುದಕ್ಕೆ ಮಾತ್ರ, ಊರ ಮುಂದೆ ಇಡುವಾಗ ಬದಲಿಸಿ ಎಂಬ ಎಚ್ಚರಿಕೆ ಕೀಲಿಯಲ್ಲೇ ಇದೆ. ಡಿಬಗ್ ಟ್ರೂ ಎಂಬ ಸಾಲಿನ ಮೇಲೂ ಅಂಥದ್ದೇ ಟಿಪ್ಪಣಿ ಇದೆ.

*

ಎನ್‌ಪಿಎಂ ಇನಿಟ್ ಮಾತ್ರ ನಿಜಕ್ಕೂ ಪ್ರಶ್ನೆ ಕೇಳುತ್ತದೆ: ಹೆಸರು, ಆವೃತ್ತಿ, ವಿವರಣೆ, ಲೇಖಕ, ಲೈಸೆನ್ಸ್. ಸುಮ್ಮನೆ ಎಂಟರ್ ಒತ್ತುತ್ತಾ ಹೋದರೆ ಆವೃತ್ತಿ 1.0.0 ಆಗುತ್ತದೆ. ರಸ್ಟ್ ಭಾಷೆಯ ಕಾರ್ಗೊ ನ್ಯೂ ಕೊಟ್ಟರೆ 0.1.0. ಎರಡೂ ಕಡೆ ಕೆಲಸವಿನ್ನೂ ಶುರುವೇ ಆಗಿಲ್ಲ. ಸೊನ್ನೆಯಿಂದ ಶುರುವಾದರೆ 'ಇನ್ನೂ ಬದಲಾಗುತ್ತದೆ, ನೆಚ್ಚಿಕೊಳ್ಳಬೇಡಿ' ಎಂದರ್ಥ. ನನಗೆ ಕಾರ್ಗೊ ಹೇಳುವುದೇ ಸರಿ ಎನಿಸುತ್ತದೆ.

ಆದರೆ ಟೆಸ್ಟಿನ ವಿಷಯದಲ್ಲಿ ಎನ್‌ಪಿಎಂಗೆ ನನ್ನ ನಮಸ್ಕಾರ. ಟೆಸ್ಟ್ ಯಾವುದೆಂದು ಹೇಳದೆ ಮುಂದೆ ಹೋದರೆ, 'ಟೆಸ್ಟ್ ಸೂಚಿಸಿಲ್ಲ' ಎಂದು ದೋಷ ತೋರಿಸಿ ಸೋಲುವ ಒಂದು ಸಾಲನ್ನು ಅದು ತುಂಬಿಡುತ್ತದೆ. ಸೋಲದೆ ಸುಮ್ಮನಿದ್ದಿದ್ದರೆ ಟೆಸ್ಟೇ ಬರೆಯದ ಪ್ರಾಜೆಕ್ಟು ಪಾಸಾದಂತೆ ಕಾಣುತ್ತಿತ್ತು. ಟೈಮ್‌ಝೋನಿಗೂ ಹೀಗೆ ಮಾಡಲು ಬಾರದೇ? ತುಂಬುವವರೆಗೂ ಓಡುವುದಿಲ್ಲ ಎಂದು ಹಟ ಹಿಡಿಯಬಹುದಿತ್ತಲ್ಲ?

*

ಭಾಷೆಯ ಸಾಲಿನಲ್ಲಿ 'ಇಎನ್-ಯುಎಸ್' ತೆಗೆದು 'ಕೆಎನ್' ಎಂದು ಹಾಕಿದೆ. ಜಾಂಗೊದ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿದೆ. ಅಡ್ಮಿನ್ ಪುಟಗಳಲ್ಲಿ ಅಲ್ಲಲ್ಲಿ ಇಂಗ್ಲಿಷ್ ಉಳಿದುಕೊಂಡಿದೆ. ಸ್ವಯಂಸೇವಕರು ಮಾಡಿದ ಅನುವಾದವಿದು, ಉಳಿದದ್ದನ್ನು ತುಂಬಲು ಯಾರೂ ಕೈಜೋಡಿಸಬಹುದು.

*

ಸ್ಟಾರ್ಟ್‌ಪ್ರಾಜೆಕ್ಟ್‌ಗೆ ನಮ್ಮದೇ ಟೆಂಪ್ಲೇಟನ್ನೂ ಕೊಡಬಹುದು. ಕೋಲ್ಕತಾ ಸಮಯ, ಕನ್ನಡ ಭಾಷೆ, ಜೊತೆಗೆ ಬೆಳಗಿನ ಐದು ಗಂಟೆಯ ಹಾಲು ಅದೇ ದಿನಕ್ಕೆ ಸೇರುತ್ತದೆಯೇ ಎಂದು ನೋಡುವ ಒಂದು ಟೆಸ್ಟು. ಪಕ್ಕದೂರಿನ ಡೇರಿಗೆ ಬರೆಯುವವರಿಗೂ ಇದೇ ಸಾಕು. ಒಂದೇ ತೊಡಕು: ಟೆಂಪ್ಲೇಟ್ ಒಮ್ಮೆ ನಕಲಾದ ಮೇಲೆ ಮೂಲಕ್ಕೂ ನಕಲಿಗೂ ಸಂಬಂಧ ಕಡಿದುಹೋಗುತ್ತದೆ. ನಾಳೆ ನನ್ನ ಟೆಂಪ್ಲೇಟಿನಲ್ಲಿ ತಪ್ಪು ಸಿಕ್ಕಿ ತಿದ್ದಿದರೂ ಪಕ್ಕದೂರಿನ ಪ್ರಾಜೆಕ್ಟಿಗೆ ಅದು ತಲುಪುವುದಿಲ್ಲ. ಕಾಪಿಯರ್ ಎಂಬ ಸಾಧನದಲ್ಲಿ ಹೀಗೆ ತಿದ್ದಿದ್ದನ್ನು ಹಳೆಯ ಪ್ರಾಜೆಕ್ಟುಗಳಿಗೂ ತರುವ ಅಪ್‌ಡೇಟ್ ಕಮಾಂಡ್ ಇದೆ. ಅವರು ಕೈಯಾರೆ ಬದಲಿಸಿಕೊಂಡ ಸಾಲಿನ ಮೇಲೆ ನನ್ನ ತಿದ್ದುಪಡಿ ಬಂದು ಕೂತರೆ ಯಾರ ಮಾತು ನಡೆಯಬೇಕು ಎಂಬುದನ್ನು ಓಡಿಸಿಯೇ ನೋಡಬೇಕು.