ಅತ್ತೆಯವರ ತೇರು

ರಾಯಚೂರು ಜಿಲ್ಲೆಯ ಕುರ್ಡಿಯಲ್ಲಿರುವ ನಮ್ಮ ಮನೆಗೆ ಹೋದ ವರುಷ ಕಸೂತಿಯ ಯಂತ್ರವೊಂದು ಬಂದಿತು. ರವಿಕೆಗಳ ಮೇಲೆ ಹೂಬಳ್ಳಿಗಳನ್ನು ಹಾಕಿಕೊಟ್ಟು ನಾಲ್ಕು ಕಾಸು ಸಂಪಾದಿಸಬೇಕೆಂದು ನಮ್ಮ ಮಗಳು ಸಾಲ ಮಾಡಿ ತಂದುದದು.

ಅದೇ ವೇಳೆಗೆ ನಮ್ಮ ಅತ್ತೆಯವರ ಚಂದ್ರಕಾಳಿ ಸೀರೆಯ ಸೆರಗು ಮಡಿಕೆ ಮಡಿಕೆಗೂ ಸೀಳತೊಡಗಿತ್ತು. ಧಾರವಾಡದ ಕಡೆಯ ತವರಿನಲ್ಲಿ, ಮದುವೆಗೆ ಮುಂಚೆ, ಅವರು ಎಳೆಯೆಣಿಸಿ ಹಾಕಿದ ತೇರು ಆ ಸೆರಗಿನಲ್ಲಿದೆ. ಕಾಗದದ ಮೇಲೆ ಅದು ಎಲ್ಲಿಯೂ ಇಲ್ಲ. ಈಗ ಅವರ ಕಣ್ಣು ಮಂಜಾಗಿದೆ. ಸೀರೆ ಹರಿದರೆ ತೇರೂ ಹೋಯಿತೆಂಬ ಚಿಂತೆ ನಮ್ಮನ್ನು ಹಿಡಿಯಿತು.

ಮಗಳು ಸೆರಗಿನ ಛಾಯಾಚಿತ್ರವನ್ನು ತೆಗೆದು, ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಯಂತ್ರಕ್ಕೆ ಸಿಕ್ಕಿಸಿದಳು. ಯಂತ್ರದ ತೆರೆಯ ಮೇಲೆ ಏನೂ ಮೂಡಲಿಲ್ಲ. ಕಸೂತಿಯ ಯಂತ್ರಕ್ಕೆ ಚಿತ್ರವು ತಿಳಿಯದು. ಸೂಜಿಯು ಎಲ್ಲಿ ಇಳಿಯಬೇಕು, ಅಲ್ಲಿಂದ ಎತ್ತ ಸರಿಯಬೇಕು ಎಂಬ ಅಪ್ಪಣೆಗಳ ಸಾಲು ಅದಕ್ಕೆ ಬೇಕು. ಜಪಾನಿನ ತಾಜಿಮಾ ಯಂತ್ರಗಳಿಂದ ಬಳಕೆಗೆ ಬಂದ ಡಿಎಸ್‌ಟಿ ಎಂಬ ಬಗೆಯ ಕಡತದಲ್ಲಿ ಈ ಹೆಜ್ಜೆಗಳನ್ನು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ಬರೆದಿರುತ್ತದೆ. ಬಣ್ಣ ಬದಲಿಸಲು ಎಲ್ಲಿ ನಿಲ್ಲಬೇಕೆಂಬುದು ಅದರಲ್ಲುಂಟು. ಯಾವ ಬಣ್ಣವೆಂಬುದು ಇಲ್ಲ.

ಆದುದರಿಂದ ಅಜ್ಜಿ ಮೊಮ್ಮಗಳಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತರು. ಅಜ್ಜಿ ಬೆರಳಿನಿಂದ ಸೆರಗನ್ನು ತಡವುತ್ತ ಎಣಿಕೆಯನ್ನು ಹೇಳುವರು. ಮೊಮ್ಮಗಳು ಒಂದೊಂದು ಹೊಲಿಗೆಯನ್ನೂ ಗುರುತಿಸುವಳು. ಹೀಗೆ ಎಂಟು ಸಂಜೆಗಳು ಕಳೆದುವು.

ತೇರು 130 ಮಿಲಿಮೀಟರು ಎತ್ತರವಾಯಿತು. ಬಟ್ಟೆಯನ್ನು ಬಿಗಿಯುವ ನಮ್ಮ ಚೌಕಟ್ಟಾದರೋ 100 ಮಿಲಿಮೀಟರಿನದು. ಯಂತ್ರವು ಅದನ್ನು ಒಪ್ಪಲಿಲ್ಲ. ಅವಸರದಿಂದ ನಮೂನೆಯನ್ನು ಕುಗ್ಗಿಸಿದೆವು. ಅಳತೆ ಕುಗ್ಗಿತೇ ಹೊರತು ಹೊಲಿಗೆಗಳ ಸಂಖ್ಯೆ ಕುಗ್ಗಲಿಲ್ಲ. ಆ ಇಕ್ಕಟ್ಟಿನಲ್ಲಿ ದಾರ ಸಿಕ್ಕುಗೊಂಡು ಸೂಜಿ ಮುರಿಯಿತು. ತಪ್ಪು ಯಂತ್ರದ್ದಲ್ಲ, ನಮ್ಮದು. ಬಳಿಕ ಕಳಸ ಗೋಪುರಗಳನ್ನು ಒಂದು ಕಡತವಾಗಿಯೂ ಗಾಲಿಗಳನ್ನು ಇನ್ನೊಂದಾಗಿಯೂ ಬೇರ್ಪಡಿಸಿ, ಬಟ್ಟೆಯನ್ನು ಎರಡು ಸಲ ಬಿಗಿದಾಗ ತೇರು ಎದ್ದು ನಿಂತಿತು.

ಅತ್ತೆಯವರು ಬಟ್ಟೆಯನ್ನು ತಿರುವಿ ಹಿಂಬದಿಯನ್ನು ಸವರಿದರು. “ಮುಂದ ತೇರು ಬಂದದ, ಹಿಂದ ಬಂದಿಲ್ಲವಾ” ಎಂದರು.

ಅದು ದಿಟ. ಕೈಯಿಂದ ಹಾಕುವ ಗವಂತಿಯಲ್ಲಿ ಒಂದೇ ಎಳೆಯು ಹೋಗುವಾಗ ಬಿಟ್ಟ ಎಡೆಗಳನ್ನು ಮರಳುವಾಗ ತುಂಬುವುದು. ಗಂಟಿಲ್ಲ, ಎರಡು ಮೈಯೂ ಒಂದೇ. ಯಂತ್ರದಲ್ಲಿ ಮೇಲಿನ ದಾರ ಬೇರೆ, ಕೆಳಗಿನ ಬಾಬಿನ್ನಿನ ದಾರ ಬೇರೆ.

ಆ ಮಾತು ಮಗಳ ಮನಸ್ಸಿಗೆ ನಾಟಿತು. ಅವಳು ಈಗಲೂ ರವಿಕೆಗಳಿಗೆ ಯಂತ್ರದ ತೇರನ್ನು ಹಾಕಿಕೊಡುತ್ತಾಳೆ. ಆದರೆ ಅದನ್ನು ಕೈಕಸೂತಿಯೆಂದು ಹೇಳಿ ಮಾರುವುದಿಲ್ಲ. ಬೆಳಗಿನ ಬೆಳಕಿನಲ್ಲಿ ಅಜ್ಜಿಯ ಬಳಿ ಗವಂತಿಯನ್ನು ಕಲಿಯುತ್ತಿದ್ದಾಳೆ. ಸೀರೆಯ ಪೆಟ್ಟಿಗೆಯಲ್ಲಿ ಈಗ ಪೆನ್‌ಡ್ರೈವೂ ಒಂದಿದೆ. ಅದರೊಡನೆ ಅಳತೆ, ಬಣ್ಣ, ಎಳೆಗಳ ಎಣಿಕೆಯನ್ನು ಬರೆದ ಚೀಟಿ.

ವಾಚಕ ಸೋದರಿಯರ ಮನೆಗಳಲ್ಲಿಯೂ ಇಂತಹ ಸೆರಗುಗಳಿರಬಹುದು. ನಮೂನೆಯನ್ನು ಯಂತ್ರಕ್ಕೆ ಎಂದಾದರೂ ಇಳಿಸಬಹುದು. ಎಣಿಕೆಯನ್ನು ಮಾತ್ರ ಹೇಳಿಕೊಡುವ ಬೆರಳುಗಳಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕೆಂಬುದು ನಮ್ಮ ಅನುಭವ.